ಹಿಂದಿನ ಚಕ್ರದ ಬ್ರೇಕು

ಅಮೆರಿಕದಲ್ಲಿ ಹಳೆಯ ಪಿಕಪ್ ಇಟ್ಟುಕೊಂಡವರಿಗೆ ಹತ್ತುವ ಗೀಳುಗಳು ಹಲವು. ಕೆಲವರಿಗೆ ಗಾಡಿಯನ್ನು ಎತ್ತರ ಮಾಡಿಸುವ ಗೀಳು, ಕೆಲವರಿಗೆ ಟೈರು ದಪ್ಪ ಮಾಡಿಸುವ ಗೀಳು, ಇನ್ನು ಕೆಲವರಿಗೆ ಸೈಲೆನ್ಸರ್ ಕಿತ್ತು ಊರಿಗೆಲ್ಲ ಕೇಳಿಸುವ ಗೀಳು. ಇವುಗಳ ನಡುವೆ ಸ್ವಲ್ಪ ಮರ್ಯಾದಸ್ತವಾಗಿ ಕಾಣುವ ಒಂದು ಗೀಳಿದೆ: ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಕೂರಿಸುವುದು. ಸುರಕ್ಷತೆಯ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ನಾನೂ ಆ ಹೆಸರು ಹೇಳಿಯೇ ಶುರುಮಾಡಿದೆ.

ನನ್ನದು 1994ರ ಫೋರ್ಡ್ ರೇಂಜರ್. ನಾಲ್ಕು ಲೀಟರಿನ ವಿ6 ಎಂಜಿನ್, ಫೋರ್ ವೀಲ್ ಡ್ರೈವ್, ಐದು ಗೇರು, ಬಿಸಿಲಿಗೆ ಬಿಳಿಚಿಕೊಂಡ ಹಸಿರು ಬಣ್ಣ. ಕೆಲಸದ ಮೇಲೆ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಹೋಗಿ ನೆಲೆಸಿದ ಮೇಲೆ 2011ರಲ್ಲಿ ಕೊಂಡದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಫೋರ್ಡಿನ ಸೇಂಟ್ ಪಾಲ್ ಕಾರ್ಖಾನೆ ಮುಚ್ಚಿತು, ಅಮೆರಿಕದಲ್ಲಿ ರೇಂಜರ್ ತಯಾರಿ ಕೆಲ ವರ್ಷಗಳ ಮಟ್ಟಿಗೆ ನಿಂತೇಹೋಯಿತು. ಹಾಗಾಗಿ ನನ್ನ ಗಾಡಿಗೆ ಏನೂ ಮಾಡದೆಯೇ ಒಂದಿಷ್ಟು ಹಿರಿತನ ಬಂದುಬಿಟ್ಟಿತ್ತು.

ಊರಿಗೆ ಫೋನ್ ಮಾಡಿ ಸೋದರಮಾವನಿಗೆ ಹೇಳಿದೆ. ಮಾವ ವರ್ಷಗಟ್ಟಲೆ ಮಂಗಳೂರು ದಾರಿಯಲ್ಲಿ ಲಾರಿ ಓಡಿಸಿ, ಆಮೇಲೆ ಹಾಸನದಲ್ಲಿ ಸಣ್ಣದೊಂದು ಗ್ಯಾರೇಜು ಇಟ್ಟವರು. ಶಿರಾಡಿ ಘಾಟಿಯ ತಿರುವುಗಳನ್ನು ಕಣ್ಣು ಮುಚ್ಚಿ ಹೇಳುವಂಥವರು.

"ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಮಾವ. ಹಿಂದಕ್ಕೂ ಡಿಸ್ಕ್ ಹಾಕೋಣ ಅಂತಿದೀನಿ."

"ಯಾಕಪ್ಪಾ ಅಳಿಯಾ, ಡ್ರಮ್ ಹಿಡೀತಿಲ್ವೇನೋ?"

"ಹಿಡೀತದೆ."

"ಮತ್ತೆ?"

ಈ 'ಮತ್ತೆ?'ಗೆ ನನ್ನ ಹತ್ತಿರ ಆಗ ಸರಿಯಾದ ಉತ್ತರ ಇರಲಿಲ್ಲ. ಘಾಟಿ ಇಳಿಯುವಾಗ ಡ್ರಮ್ ಕಾಯುತ್ತದೆ, ಡಿಸ್ಕ್ ಬೇಗ ಆರುತ್ತದೆ ಎಂದೇನೋ ಹೇಳಿದೆ. ಮಾವ ಆ ಕಡೆಯಿಂದ ಒಂದು ಮಾತು ಹೇಳಿದರು: "ಹತ್ತಿದ ಗೇರಲ್ಲೇ ಇಳೀಬೇಕು ಕಣೋ. ಬ್ರೇಕು ಇರೋದು ನಿಲ್ಲಿಸೋಕೆ, ಇಳಿಸೋಕಲ್ಲ." ಲಾರಿಯವರ ಹಳೇ ಮಾತು. ಹೂಂ ಅಂದು ಫೋನ್ ಇಟ್ಟೆ. ಗೀಳು ಹತ್ತಿದವನ ಕಿವಿಗೆ ಇಂಥದ್ದು ಇಳಿಯುವುದಿಲ್ಲ.

ಕೊಲೊರಾಡೊದಲ್ಲಿ ಬ್ರೇಕಿನ ಬಗ್ಗೆ ಯೋಚನೆ ಬರದೇ ಇರುವುದು ಕಷ್ಟ. ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ 11,000 ಅಡಿ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಕಡಿದಾಗಿ ಇಳಿಯುತ್ತದೆ. ಆ ಇಳಿಜಾರಿನ ಬದಿಯಲ್ಲಿ ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಅದರ ಮುಂದೆ ಹಾದುಹೋಗುವಾಗ ಜಲ್ಲಿಯ ಮೇಲೆ ಹೊಸದಾಗಿ ಬಿದ್ದ ಚಕ್ರದ ಗುರುತು ಕಂಡರೆ ಎಂಥವನ ಕಾಲೂ ಒಮ್ಮೆ ಪೆಡಲನ್ನು ಮುಟ್ಟಿ ನೋಡುತ್ತದೆ. ಇನ್ನು ನಮ್ಮ ಊರಿನ ತಲೆಯ ಮೇಲೇ ಇರುವ ಪೈಕ್ಸ್ ಪೀಕ್: 14,115 ಅಡಿ ಎತ್ತರದ ಶಿಖರ, ತುದಿಯವರೆಗೂ 19 ಮೈಲಿ ರಸ್ತೆ. ಇಳಿಯುವಾಗ ಗ್ಲೆನ್ ಕೋವ್ ಎಂಬಲ್ಲಿ ಪ್ರತಿ ಗಾಡಿಯನ್ನೂ ತಡೆದು, ಅಲ್ಲಿನ ಸಿಬ್ಬಂದಿ ಬಂದೂಕಿನಾಕಾರದ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಚಕ್ರದತ್ತ ಹಿಡಿದು ಬ್ರೇಕಿನ ಬಿಸಿ ನೋಡುತ್ತಾರೆ. ಹೆಚ್ಚು ಕಾದಿದ್ದರೆ ಪಕ್ಕಕ್ಕೆ ಹಾಕಿಸಿ, ಆರುವ ತನಕ ಮುಂದಕ್ಕೆ ಬಿಡುವುದಿಲ್ಲ. ನಮ್ಮ ಚಾರ್ಮಾಡಿಯಲ್ಲೂ ಇಂಥದ್ದೊಂದು ಚೌಕಿ ಇದ್ದರೆ ಎಷ್ಟು ಚೆನ್ನ ಎಂದು ಅಲ್ಲಿ ಸಾಲಿನಲ್ಲಿ ನಿಂತಾಗಲೆಲ್ಲ ಅಂದುಕೊಂಡಿದ್ದೇನೆ.

ಆ ಇಳಿಜಾರಿನ ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಜನ, ಸಾಮಾನು ಸೇರಿ 2 ಟನ್ ತೂಗುವ ಗಾಡಿ ತುದಿಯಿಂದ ಬುಡಕ್ಕೆ 6,000 ಅಡಿಗೂ ಹೆಚ್ಚು ಇಳಿಯುತ್ತದೆ. ಎಂಜಿನ್ನಿನ ಎಳೆತವನ್ನೂ ಗಾಳಿಯ ತಡೆಯನ್ನೂ ಬಿಟ್ಟು ಎಲ್ಲವನ್ನೂ ಬ್ರೇಕಿನ ತಲೆಗೇ ಕಟ್ಟಿದರೆ, ಹುಟ್ಟುವ ಶಾಖ ನೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನಾಲ್ಕು ಚಕ್ರಗಳೊಳಗಿನ ಒಂದಿಷ್ಟು ಎರಕದ ಕಬ್ಬಿಣ ಇಷ್ಟನ್ನೂ ಕುಡಿದು ಗಾಳಿಗೆ ಬಿಡಬೇಕು.

ಡ್ರಮ್ಮಿನ ತೊಂದರೆ ಇರುವುದು ಇಲ್ಲಿಯೇ. ಮುಚ್ಚಿದ ಡಬ್ಬಿಯೊಳಗೆ ಎರಡು ಶೂಗಳು ಹೊರಕ್ಕೆ ಒತ್ತಿಕೊಂಡು ಡ್ರಮ್ಮಿನ ಒಳಮೈಯನ್ನು ಉಜ್ಜುತ್ತವೆ. ಬಿಸಿ ಹೊರಗೆ ಹೋಗಲು ದಾರಿ ಕಡಿಮೆ. ಕಾದ ಡ್ರಮ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಲೈನರ್ ಕೂಡ ಒಂದು ಮಿತಿ ದಾಟಿದರೆ ಹಿಡಿತ ಬಿಡುತ್ತದೆ. ಘಾಟಿಯ ಕೆಳಗೆ ಲೈನರ್ ಸುಟ್ಟ ವಾಸನೆ ಹೊಡೆಯುತ್ತ ನಿಂತ ಲಾರಿಗಳನ್ನು ನೋಡಿಕೊಂಡೇ ಬೆಳೆದವನು ನಾನು. ಕ್ಲೀನರ್ ಹುಡುಗರು ಪಕ್ಕದ ಝರಿಯಿಂದ ಬಕೆಟ್ಟಿನಲ್ಲಿ ನೀರು ತಂದು ಡ್ರಮ್ಮಿಗೆ ಹುಯ್ಯಲು ಹೋದರೆ ಮಾವ ಬೈಯುತ್ತಿದ್ದರು. ಕಾದ ಎರಕಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಡಿಸ್ಕ್ ಹಾಗಲ್ಲ. ಬಿಲ್ಲೆ ಬಯಲಲ್ಲೇ ತಿರುಗುತ್ತಿರುತ್ತದೆ, ಗಾಳಿ ತಾಗುತ್ತದೆ, ಕಾದು ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ನೀರಿನಲ್ಲಿ ಹಾಯಿಸಿ ಬಂದರೂ ಒಂದೆರಡು ಸುತ್ತಿನಲ್ಲಿ ಒರೆಸಿಕೊಂಡುಬಿಡುತ್ತದೆ.

ಇದನ್ನೆಲ್ಲ ಜಗತ್ತು ಬಹಳ ಹಿಂದೆಯೇ ಕಂಡುಕೊಂಡಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಡ್ರಮ್ ಬ್ರೇಕಿಗೆ ಲೂಯಿ ರೆನೋ ಹೆಸರು ಅಂಟಿಕೊಂಡದ್ದೂ ಆ ವರ್ಷವೇ. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಬ್ರೇಕುಗಳಲ್ಲಿ ಅರ್ಧ ಶತಮಾನ ಗೆದ್ದದ್ದು ಡ್ರಮ್. 1953ರ ಲೆ ಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ಪಂದ್ಯದಲ್ಲಿ ಡನ್ಲಪ್ ಡಿಸ್ಕ್ ಹಾಕಿಕೊಂಡ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆ ಗಾಳಿ ತಿರುಗಿತು. ಆದರೂ ಪಿಕಪ್ಪಿನ ಹಿಂದಿನ ಚಕ್ರದಲ್ಲಿ ಡ್ರಮ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಟೊಯೋಟಾ ತನ್ನ ಟಕೋಮಾಕ್ಕೆ ಹಿಂದೆ ಡಿಸ್ಕ್ ಕೊಟ್ಟದ್ದು 2024ರ ಮಾದರಿಯಲ್ಲಿ. ನಮ್ಮಲ್ಲಿ ಓಡುವ ಬೊಲೆರೊ ಪಿಕಪ್ಪಿಗಾಗಲಿ, ಇಸುಜು ವಿ-ಕ್ರಾಸಿಗಾಗಲಿ ಹಿಂದೆ ಇರುವುದು ಡ್ರಮ್ಮೇ. ಕಂಪನಿಯವರು ದಡ್ಡರೇನಲ್ಲ ಎಂಬ ಸಣ್ಣ ಅನುಮಾನ ಆಗಲೇ ಬರಬೇಕಿತ್ತು, ಬಂದೂ ಇತ್ತು. ಆದರೆ ಒಂದು ದಿನ ಬಲಗಡೆಯ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿ ಕಂಡಿತು.

ಡ್ರಮ್ ಬಿಚ್ಚಿದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ ಹೋಗಿ ಬ್ರೇಕ್ ಆಯಿಲ್ ಸೋರಿ ಶೂಗಳನ್ನು ನೆನೆಸಿತ್ತು. ಕಪ್ಪು ಪುಡಿ ಆಯಿಲಿನ ಜೊತೆ ಕಲಸಿಕೊಂಡು ಮಷಿಯಂತೆ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಇಳಿದಿತ್ತು. ಡ್ರಮ್ಮಿನ ಒಳಗೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳು. ಡ್ರಮ್ಮಿನ ಮೇಲೆಯೇ ಗರಿಷ್ಠ ವ್ಯಾಸ ಎಷ್ಟೆಂದು ಅಚ್ಚೊತ್ತಿರುತ್ತಾರೆ. ಅಳೆದರೆ ಅದರ ಹತ್ತಿರವೇ ಬಂದಿತ್ತು. ಇನ್ನು ಲೇತಿಗೆ ಹಾಕಿಸಿ ಸಾಪು ಮಾಡಿಸುವ ಹಾಗಿಲ್ಲ. ಎರಡೂ ಕಡೆ ಹೊಸ ಡ್ರಮ್, ಹೊಸ ಶೂ, ಹೊಸ ಸಿಲಿಂಡರ್, ಸ್ಪ್ರಿಂಗುಗಳು ಎಂದು ಪಟ್ಟಿ ಬರೆದಾಗ ಗೀಳಿಗೆ ಬೇಕಾದ ನೆಪ ಸಿಕ್ಕಿತು: ಹೇಗೂ ಖರ್ಚು ಇದ್ದದ್ದೇ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಕಪ್ಪು ಪುಡಿಯನ್ನು ಯಾರೂ ಊದಬೇಡಿ, ಕಂಪ್ರೆಸರ್ ಗಾಳಿಯಲ್ಲಂತೂ ಬೇಡವೇ ಬೇಡ. ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಮಾರುಕಟ್ಟೆಯ ಬದಲಿ ಬ್ರೇಕ್ ಲೈನರುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ಅಮೆರಿಕದಲ್ಲೇ ಹೊರಬಿದ್ದದ್ದು 2024ರ ಮಾರ್ಚಿನಲ್ಲಿ. ಮಾವನ ಗ್ಯಾರೇಜಿನಲ್ಲಿ ಹುಡುಗರು ಡ್ರಮ್ ಬಿಚ್ಚಿದ ಕೂಡಲೇ ಬಾಯಲ್ಲಿ 'ಫೂ' ಎಂದು ಊದುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ರೇಂಜರಿಗೆ ಡಿಸ್ಕ್ ಹಾಕಲು ಅಲ್ಲಿನವರು ಹಿಡಿಯುವ ರಾಜಮಾರ್ಗವೊಂದಿದೆ. ಫೋರ್ಡಿನದೇ ಎಕ್ಸ್‌ಪ್ಲೋರರ್ ಎಂಬ ಗಾಡಿ ರೇಂಜರಿನ ದಾಯಾದಿ. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್‌ಗಳ ಹಿಂದಿನ ಆಕ್ಸೆಲ್ಲಿಗೆ ಕಂಪನಿಯಿಂದಲೇ ಡಿಸ್ಕ್ ಬಂದಿದೆ. ಕ್ರೌನ್ ವೀಲಿನ ವ್ಯಾಸದಿಂದ ಅದಕ್ಕೆ 8.8 ಎಂದೇ ಹೆಸರು. ಒಳಗಿನ ಶಾಫ್ಟುಗಳಿಗೆ 31 ಹಲ್ಲು; ರೇಂಜರಿನ ಶಾಫ್ಟಿಗೆ 28 ಮಾತ್ರ. ಅಂದರೆ ಬ್ರೇಕಿನ ಜೊತೆಗೆ ಗಟ್ಟಿ ಆಕ್ಸೆಲ್ಲೂ ಸಿಕ್ಕಂತೆ. ಚಕ್ರದ ಐದು ನಟ್ಟಿನ ಅಂತರ ಎರಡಕ್ಕೂ ಒಂದೇ. ಹಾಗಾಗಿ ಬರೀ ಬ್ರೇಕ್ ಬದಲಿಸುವುದರ ಬದಲು ಹೌಸಿಂಗ್ ಸಮೇತ ಇಡೀ ಆಕ್ಸೆಲ್ಲನ್ನೇ ಎತ್ತಿ ಕೂರಿಸುತ್ತಾರೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದ. ಫೋರ್ಟ್ ಕಾರ್ಸನ್ ಸೇನಾ ನೆಲೆಯಲ್ಲಿ ಗಾಡಿ ರಿಪೇರಿ ವಿಭಾಗದಲ್ಲಿದ್ದು ನಿವೃತ್ತನಾದವನು. ಮಾತು ಕಡಿಮೆ, ಪಾನಾ ಜಾಸ್ತಿ. ನಾನು ನನ್ನ ಯೋಜನೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ಒಂದೇ: "ಮುಂದಿನ ಆಕ್ಸೆಲ್ಲಿನ ರೇಷಿಯೊ ಎಷ್ಟು?" ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹಿಂದುಮುಂದಿನ ಆಕ್ಸೆಲ್ಲುಗಳ ಗೇರ್ ರೇಷಿಯೊ ಒಂದೇ ಇರಬೇಕು, ಇಲ್ಲದಿದ್ದರೆ ನಾಲ್ಕೂ ಚಕ್ರ ಜೋಡಿಸಿದ ಕೂಡಲೇ ಒಂದನ್ನೊಂದು ಎಳೆದಾಡಿ ಎಲ್ಲೋ ಒಂದು ಕಡೆ ಮುರಿಯುತ್ತದೆ. ನನ್ನದು 3.73.

ಊರ ಹೊರಗೆ ನಾವೇ ಹೋಗಿ ಬಿಚ್ಚಿಕೊಂಡು ಬರುವ ಗುಜರಿ ಅಂಗಳವಿದೆ. ಬಾಗಿಲಲ್ಲಿ ಪ್ರವೇಶ ಶುಲ್ಕ ಕೊಟ್ಟು, ಕೈಗಾಡಿಯಲ್ಲಿ ನಮ್ಮದೇ ಉಪಕರಣ ಇಟ್ಟುಕೊಂಡು ಒಳಗೆ ಹೋಗಬೇಕು. ಕಣ್ಣು ಹಾಯುವವರೆಗೂ ಸಾಲುಸಾಲು ಗಾಡಿಗಳು. ಚಕ್ರ ಕಳಚಿ, ಹಳೇ ಉಕ್ಕಿನ ರಿಮ್ಮುಗಳನ್ನು ಬೆಸೆದು ಮಾಡಿದ ಪೀಠಗಳ ಮೇಲೆ ಎತ್ತಿಟ್ಟಿರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯವನು ತಂದುಕೊಡುವುದನ್ನು ಇಲ್ಲಿ ನಾವೇ ಮಲಗಿ ಬಿಚ್ಚಬೇಕು, ಅಷ್ಟೇ ವ್ಯತ್ಯಾಸ. ಕೊಲೊರಾಡೊದ ಒಣಹವೆಯ ಪುಣ್ಯ, ಬೋಲ್ಟುಗಳು ತಿರುಗುತ್ತವೆ. ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ ಕಡೆಯ ಗಾಡಿಗಳಲ್ಲಿ ಈ ಡಿಸ್ಕಿನ ಹಿಂದಿನ ತಗಡು ತುಕ್ಕು ತಿಂದು ಕೈಗೆ ಪುಡಿಯಾಗಿ ಬರುತ್ತದೆ.

ಎಕ್ಸ್‌ಪ್ಲೋರರ್‌ಗಳ ಸಾಲಿನಲ್ಲಿ ಒಂದೊಂದರ ಕೆಳಗೂ ಅಂಗಾತ ಮಲಗಿ ಹುಡುಕಿದೆವು. ಡಿಫರೆನ್ಷಿಯಲ್ ಮುಚ್ಚಳದ ಒಂದು ಬೋಲ್ಟಿಗೆ ಬೆರಳಗಲದ ತಗಡಿನ ಚೀಟಿ ಸಿಕ್ಕಿಸಿರುತ್ತಾರೆ. ಮಣ್ಣು ಒರೆಸಿ, ವೈರ್ ಬ್ರಷ್ಷಿನಲ್ಲಿ ತಿಕ್ಕಿದರೆ ಅಕ್ಷರ ಮೂಡುತ್ತದೆ. 3 73 ಎಂದಿದ್ದರೆ ಮಾಮೂಲಿ. ನಡುವೆ ಎಲ್ ಅಕ್ಷರವಿದ್ದು 3ಎಲ್73 ಎಂದಿದ್ದರೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದು ಚಕ್ರ ಕೆಸರಲ್ಲಿ ಜಾರಿದರೂ ಇನ್ನೊಂದಕ್ಕೆ ಎಳೆತ ಸಿಗುವಂಥದ್ದು. ಸಾಲಿನ ಕೊನೆಯ ಬಿಳಿ ಗಾಡಿಯ ಕೆಳಗಿಂದ ಅಜ್ಜ ಕೈಯೊಂದನ್ನೇ ಹೊರಗೆ ಚಾಚಿ ಹೆಬ್ಬೆರಳು ಎತ್ತಿದ. ಪ್ರೊಪೆಲ್ಲರ್ ಶಾಫ್ಟಿನ ಹನ್ನೆರಡು ಮೂಲೆಯ ತಲೆಯ ಬೋಲ್ಟುಗಳು, ಯು-ಬೋಲ್ಟುಗಳು, ಶಾಕ್ ಅಬ್ಸಾರ್ಬರ್, ಹ್ಯಾಂಡ್ ಬ್ರೇಕ್ ಕೇಬಲ್ಲುಗಳು ಒಂದೊಂದಾಗಿ ಬಂದವು. ಕೇಬಲ್ಲನ್ನು ಕತ್ತರಿಸದೆ ಪೂರ್ತಿಯಾಗಿ ತೆಗೆಯಬೇಕೆಂದು ಅಜ್ಜ ಹಟ ಹಿಡಿದ. ಆಮೇಲೆ ಅದರ ಬೆಲೆ ಗೊತ್ತಾಯಿತು. ಹೊಸದು ಕೊಳ್ಳಲು ಹೋದರೆ ಹಳೇ ಆಕ್ಸೆಲ್ಲಿನ ಅರ್ಧ ದುಡ್ಡು.

ಮನೆಗೆ ತಂದು ಮೊದಲು ಹೌಸಿಂಗ್ ಮುಚ್ಚಳ ತೆಗೆದೆವು. ಹಳೇ ಗೇರ್ ಆಯಿಲಿನ ಆ ಗಂಧಕದ ಕಮಟು ಒಂದು ಸಲ ಬಟ್ಟೆಗೆ ಹತ್ತಿದರೆ ಆ ಬಟ್ಟೆ ಗ್ಯಾರೇಜಿಗೇ ಮೀಸಲು. ಒಳಗಿನ ಅಡ್ಡ ಪಿನ್ನನ್ನು ಹಿಡಿದಿರುವ ಸಣ್ಣ ಬೋಲ್ಟು ಈ ಆಕ್ಸೆಲ್ಲಿನ ಮರ್ಮಸ್ಥಾನ. ಬಲವಂತ ಮಾಡಿದರೆ ಒಳಗೇ ಮುರಿದು ಕೂರುತ್ತದೆ. ಅಜ್ಜ ಅದಕ್ಕೆ ಬಿಸಿ ತೋರಿಸಿ ಕಾದು, ಉಸಿರು ಬಿಗಿ ಹಿಡಿದು ತಿರುಗಿಸಿದ. ಪಿನ್ ಹೊರಬಂದ ಮೇಲೆ ಹೊರಗಿನಿಂದ ಶಾಫ್ಟನ್ನು ಬೆರಳಷ್ಟು ಒಳಕ್ಕೆ ನೂಕಿದರೆ ಅದರ ತುದಿಯ ಸಿ ಆಕಾರದ ಕ್ಲಿಪ್ಪು ಕಳಚಿ ಅಂಗೈಗೆ ಬೀಳುತ್ತದೆ. ಇಡೀ ಚಕ್ರ ಕಳಚಿ ಹೋಗದಂತೆ ಹಿಡಿದಿಟ್ಟಿದ್ದು ಎರಡು ಬೆರಳ ನಡುವೆ ಹಿಡಿಯುವ ಈ ತುಂಡು. ಬೇರಿಂಗು, ಸೀಲು ಹೊಸದು ಬಡಿದು ಮತ್ತೆ ಎಲ್ಲ ಮುಚ್ಚಿದೆವು.

ನಿಜವಾದ ಕೆಲಸ ಇದ್ದದ್ದು ಲೀಫ್ ಸ್ಪ್ರಿಂಗ್ ಕೂರುವ ಪೀಠಗಳಲ್ಲಿ. ಎಕ್ಸ್‌ಪ್ಲೋರರಿನಲ್ಲಿ ಸ್ಪ್ರಿಂಗು ಆಕ್ಸೆಲ್ಲಿನ ಕೆಳಗೆ ಹಾಯುತ್ತದೆ, ಫೋರ್ ವೀಲ್ ಡ್ರೈವ್ ರೇಂಜರಿನಲ್ಲಿ ಮೇಲೆ. ಹಳೇ ಪೀಠ ಕೊಯ್ದು ಗ್ರೈಂಡ್ ಮಾಡಿ, ಕೊಳವೆಯ ಮೇಲ್ಗಡೆಗೆ ಹೊಸ ಪೀಠ ಬೆಸೆಯಬೇಕು. ಮೊದಲು ಬೆಸೆಯದೆ ಸುಮ್ಮನೆ ಇಟ್ಟು, ಗಾಡಿಯ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬಿಟ್ಟು, ಪಿನಿಯನ್ ಮೂತಿಯ ಕೋನ ಅಳೆದು ಗುರುತು ಮಾಡಿಕೊಳ್ಳಬೇಕು. ಕೋನ ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟು ಗಾಡಿ ಓಡುವಷ್ಟು ಹೊತ್ತೂ ನಡುಗುತ್ತದೆ. ಬೆಸುಗೆಗೆ ಕಸುಬಿನವನನ್ನೇ ಕರೆಸಿದೆ. ಅವನು ಒಂದೇ ಉಸಿರಿನಲ್ಲಿ ಎಳೆಯದೆ, ಅಂಗುಲ ಬೆಸೆದು ಇನ್ನೊಂದು ಬದಿಗೆ ಹೋಗಿ, ಅಲ್ಲಿ ಅಂಗುಲ ಬೆಸೆದು, ಸಿಗರೇಟು ಸೇದಿ ಮತ್ತೆ ಬಂದು, ಹೀಗೆ ಅರ್ಧ ದಿನ ತೆಗೆದುಕೊಂಡ. ಆತುರದಲ್ಲಿ ಕಾಯಿಸಿದರೆ ಕೊಳವೆ ಬಾಗುತ್ತದೆ, ಬಾಗಿದರೆ ಬೇರಿಂಗು ಉಳಿಯುವುದಿಲ್ಲ.

ಬ್ರೇಕ್ ಕೊಳವೆಗಳನ್ನು ನಾನೇ ಮಾಡಿದೆ. ಕೊಳವೆಯ ತುದಿಯನ್ನು ಸಾಧನದಲ್ಲಿ ಕಚ್ಚಿಸಿ, ಮೊದಲು ಗಂಟೆಯಂತೆ ಅರಳಿಸಿ, ಆಮೇಲೆ ಅದೇ ಅಂಚನ್ನು ಒಳಕ್ಕೆ ಮಡಿಸಿ ಎರಡು ಪದರ ಮಾಡಬೇಕು. ನಟ್ಟನ್ನು ಮೊದಲೇ ಕೊಳವೆಗೆ ಪೋಣಿಸಿಟ್ಟುಕೊಳ್ಳಬೇಕು. ಈ ಕಸುಬಿನಲ್ಲಿ ಅದನ್ನು ಮರೆತು ಬೈದುಕೊಳ್ಳದವರು ಇಲ್ಲವಂತೆ. ಅಂಗಡಿಯಲ್ಲಿ ಒತ್ತಿ ಬಿಗಿಯುವ ಸುಲಭದ ಜೋಡಣೆಗಳು ಸಿಗುತ್ತವೆ. ನೀರಿನ ನಲ್ಲಿಗೆ ಅವು ಸಾಕು, ಬ್ರೇಕಿಗೆ ಕೂಡದು.

ಪ್ಯಾಡುಗಳನ್ನು ಬಿಲ್ಲೆಗೆ ಒತ್ತುವ ಕ್ಯಾಲಿಪರ್ ಕೂರಿಸುವಾಗ ಅಜ್ಜ ಬಂದು ಗಾಳಿ ತೆಗೆಯುವ ನಿಪ್ಪಲ್ ಮೇಲಕ್ಕಿದೆಯೇ ಎಂದು ಎರಡೂ ಕಡೆ ಮುಟ್ಟಿ ನೋಡಿದ. ಎಡಬಲ ಅದಲುಬದಲಾದರೂ ಕ್ಯಾಲಿಪರ್ ಕೂತುಬಿಡುತ್ತದೆ, ಆದರೆ ನಿಪ್ಪಲ್ ಕೆಳಕ್ಕೆ ಬರುತ್ತದೆ. ಗಾಳಿ ಮೇಲೆಯೇ ಸಿಕ್ಕಿಕೊಂಡು ಎಷ್ಟು ಆಯಿಲ್ ಸುರಿದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಏರ್ ತೆಗೆಯುವ ದಿನ ನನ್ನಾಕೆ ಪೆಡಲ್ ಮೇಲೆ, ನಾನು ಗಾಡಿಯ ಕೆಳಗೆ. ದೂರದ ಚಕ್ರ ಮೊದಲು, ಅಂದರೆ ಬಲ ಹಿಂದಿನದು.

"ಒತ್ತು."

"ಒತ್ತಿದೆ ರೀ."

"ಹಿಡ್ಕೋ... ಬಿಡಬೇಡ... ಹಾಂ, ಈಗ ಬಿಡು."

"ಬೇಗ ಮುಗಿಸಿ, ಒಲೆ ಮೇಲೆ ಸಾರಿದೆ."

ಬಾಟಲಿಯೊಳಗಿನ ಕೊಳವೆಯಲ್ಲಿ ಗುಳ್ಳೆಗಳು ಬಂದು, ಕಡಿಮೆಯಾಗಿ, ಕೊನೆಗೆ ಬರೀ ತಿಳಿ ಆಯಿಲ್ ಬಂತು. ಸಾರು ಮಾತ್ರ ತಳ ಹಿಡಿದಿತ್ತು.

ಈಗ ಯಾರೂ ಮೊದಲು ಹೇಳದ ಸಂಗತಿಗೆ ಬರುತ್ತೇನೆ. ಅಷ್ಟೆಲ್ಲ ಮಾಡಿ ಬೀದಿಗಿಳಿಸಿದರೆ ಗಾಡಿ ಮೊದಲಿಗಿಂತ ಚೆನ್ನಾಗಿ ನಿಲ್ಲಲಿಲ್ಲ. ಹಿಂದೆ ಭಾರ ಹೇರಿದಾಗ ಮೊದಲಿಗಿಂತ ಸೋಮಾರಿಯಾಗಿಯೇ ನಿಲ್ಲುತ್ತಿತ್ತು. ಹೊಸ ಬಿಲ್ಲೆ ಫಳಫಳ ಹೊಳೆಯುತ್ತಿದೆ, ಪ್ಯಾಡ್ ಹೊಸದು, ಗಾಳಿ ಇಲ್ಲ, ಪೆಡಲ್ ಗಟ್ಟಿ. ಆದರೂ ಹೀಗೆ.

ಕಾರಣ ಡ್ರಮ್ಮಿನ ಒಂದು ದೊಡ್ಡ ಗುಣದಲ್ಲಿದೆ. ಡ್ರಮ್ ತಿರುಗುವಾಗ ಮುಂದಿನ ಶೂವನ್ನು ತನ್ನ ಜೊತೆ ಎಳೆದುಕೊಂಡು ತನ್ನ ಮೈಗೇ ಒತ್ತಿಕೊಳ್ಳುತ್ತದೆ. ಆ ಶೂ ಹಿಂದಿನದನ್ನು ನೂಕುತ್ತದೆ. ನಾವು ಪೆಡಲಿನಲ್ಲಿ ಕೊಡುವ ಒತ್ತಡ ಅಲ್ಲಿ ತಾನಾಗಿಯೇ ಹಲವು ಪಟ್ಟಾಗುತ್ತದೆ. ಡಿಸ್ಕಿಗೆ ಈ ಗುಣ ಇಲ್ಲ. ಕೊಟ್ಟಷ್ಟೇ ಒತ್ತಡ, ಒತ್ತಿದಷ್ಟೇ ಹಿಡಿತ. ಹಾಗಾಗಿ ಅದಕ್ಕೆ ಹೆಚ್ಚು ಒತ್ತಡ ಬೇಕು. ಆದರೆ ರೇಂಜರಿನ ಮಾಸ್ಟರ್ ಸಿಲಿಂಡರಿನಿಂದ ಹಿಂದಕ್ಕೆ ಹೋಗುವ ದಾರಿಯಲ್ಲಿ ಒಂದು ವಾಲ್ವ್ ಕೂತಿರುತ್ತದೆ. ಹಿಂದೆ ಡ್ರಮ್ ಇದೆ, ಅದು ಸುಲಭಕ್ಕೆ ಕಚ್ಚಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿ, ಜೋರಾಗಿ ಒತ್ತಿದಾಗ ಹಿಂದಿನ ಒತ್ತಡವನ್ನು ತಗ್ಗಿಸುವುದು ಅದರ ಕೆಲಸ. ಡ್ರಮ್ ಹೋಗಿದ್ದು ಅದಕ್ಕೇನು ಗೊತ್ತು?

ಹಾಗಾದರೆ ಆ ವಾಲ್ವ್ ಕಿತ್ತುಹಾಕಿದರೆ ಆಯಿತಲ್ಲ ಎನ್ನಬಹುದು. ಇಲ್ಲಿಯೇ ಪ್ರಾಣಕ್ಕೆ ಸಂಚಕಾರ. ಬ್ರೇಕ್ ಒತ್ತಿದ ಕೂಡಲೇ ಗಾಡಿಯ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂದಿನ ಚಕ್ರ ನೆಲದ ಮೇಲೆ ಹಗುರಾಗುತ್ತದೆ. ಪಿಕಪ್ ಖಾಲಿ ಇದ್ದರಂತೂ ಮೊದಲೇ ಹಿಂಭಾಗ ಹಗುರ. ಅಲ್ಲಿ ಬ್ರೇಕ್ ಹೆಚ್ಚಾದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಜಾರುತ್ತದೆ, ಗಾಡಿ ಗಿರಕಿ ಹೊಡೆಯುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ನೇರ ಹೋಗಿ ಗುದ್ದೀತು. ಹಿಂದಿನದು ಆದರೆ ಯಾವ ಕಡೆ ತಿರುಗಿ ಯಾರನ್ನು ಗುದ್ದುತ್ತದೋ ಹೇಳಲಾಗದು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸನ್ನು ನನ್ನ ರೇಂಜರಿನ ಹಿಂದಿನ ಚಕ್ರಗಳಿಗೆ ಮಾತ್ರ ಕೊಟ್ಟದ್ದು ಈ ಭಯಕ್ಕೇ.

ಅಜ್ಜ ಹಳೇ ವಾಲ್ವ್ ತೆಗೆಸಿ, ಅದರ ಜಾಗದಲ್ಲಿ ಕೈಯಲ್ಲಿ ತಿರುಗಿಸಿ ಹೊಂದಿಸುವ ವಾಲ್ವ್ ಹಾಕಿಸಿದ. ಒಂದರ ಹಿಂದೆ ಒಂದು ಎರಡು ವಾಲ್ವ್ ಇಡಬಾರದು, ಯಾವುದು ಏನು ಮಾಡುತ್ತಿದೆ ಎಂದೇ ತಿಳಿಯುವುದಿಲ್ಲ. ಆಮೇಲೆ ಮುಚ್ಚಿಹೋದ ಅಂಗಡಿಯೊಂದರ ಹಿಂದಿನ ಖಾಲಿ ಬಯಲಿನಲ್ಲಿ, ಮಳೆ ಬಿದ್ದು ನೆಲ ಒದ್ದೆಯಾಗಿದ್ದಾಗ ಪರೀಕ್ಷೆ. ನಾನು ಓಡಿಸಿಕೊಂಡು ಬಂದು ಗಟ್ಟಿಯಾಗಿ ಒತ್ತುವುದು, ಅವನು ಬದಿಯಲ್ಲಿ ನಿಂತು ಯಾವ ಚಕ್ರ ಮೊದಲು ನಿಂತಿತು ನೋಡುವುದು, ಗುಬುಟನ್ನು ಅರ್ಧ ಸುತ್ತು ತಿರುಗಿಸುವುದು. ಎಬಿಎಸ್ ಅಡ್ಡಬಾರದಂತೆ ಅದರ ಫ್ಯೂಸ್ ತೆಗೆದಿಟ್ಟಿದ್ದ, ಕೊನೆಗೆ ತಾನೇ ನೆನಪಿಟ್ಟು ಹಾಕಿದ. ಮುಂದಿನ ಚಕ್ರ ಮೊದಲು, ಅದರ ಬೆನ್ನಿಗೇ ಹಿಂದಿನದು ಎಂಬ ಹದಕ್ಕೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಇಡೀ ಕೆಲಸದಲ್ಲಿ ನಿಜವಾಗಿ ಬ್ರೇಕ್ ಕೆಲಸ ಅಂತ ಆದದ್ದು ಆ ಸಂಜೆ. ಉಳಿದದ್ದು ಬೋಲ್ಟು ಬಿಚ್ಚಿ ಬಿಗಿದದ್ದು. ಕೊಲೊರಾಡೊದಲ್ಲಿ ಇಂಥ ಗಾಡಿಗಳಿಗೆ ವರ್ಷ ವರ್ಷ ಬ್ರೇಕ್ ತಪಾಸಣೆ ಇಲ್ಲ. ಈ ಪರೀಕ್ಷೆ ಮಾಡದೆ ಡಿಸ್ಕ್ ಹಾಕಿಕೊಂಡು ಓಡಾಡುತ್ತಿರುವವರನ್ನು ಕೇಳುವವರೂ ಇಲ್ಲ.

ಪೈಕ್ಸ್ ಪೀಕಿಗೂ ಮತ್ತೆ ಹೋದೆ. ನಾನೂ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡಿದ್ದೆ, ಡ್ರಮ್ ಇದ್ದಾಗಲೇ ನಾಲ್ಕೂ ಚಕ್ರದ ಬಿಸಿ ಬರೆದಿಟ್ಟಿದ್ದೆ. ಆಗಲೂ ಕಾಯುತ್ತಿದ್ದದ್ದು ಮುಂದಿನ ಡಿಸ್ಕುಗಳು, ಹಿಂದಿನ ಡ್ರಮ್ಮಿನ ಬಿಸಿ ಅದರ ಅರ್ಧವೂ ಇರಲಿಲ್ಲ. ಡಿಸ್ಕ್ ಹಾಕಿದ ಮೇಲೂ ಕಾದದ್ದು ಮುಂದಿನವೇ. ಚೌಕಿಯ ಸಿಬ್ಬಂದಿ ಬಂದು ನೋಡಿದ್ದೂ ಮುಂದಿನ ಚಕ್ರವನ್ನು. ನಾಲ್ಕೂ ಚಕ್ರದ ಅಂಕಿ ಕಣ್ಣಿಗೆ ಕಾಣುವಂತೆ ಇಳಿದದ್ದು ಯಾವಾಗ ಅಂದರೆ, ಮೇಲಿನಿಂದ ಕೆಳಗಿನವರೆಗೂ ಎರಡನೇ ಗೇರು ಬಿಡದೆ, ಆಗಾಗ ಮೊದಲನೆಯದಕ್ಕೂ ಇಳಿಸಿಕೊಂಡು ಬಂದಾಗ. ಆ ರಾತ್ರಿ ಮಾವನಿಗೆ ಫೋನ್ ಮಾಡಿ ಎಲ್ಲ ಅಂಕಿ ಓದಿ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಅದಕ್ಕೆ ಅಷ್ಟು ದೊಡ್ಡ ಮಿಷನ್ ಬೇಕಿತ್ತೇನೋ?" ಅಂದರು.

ಡಿಸ್ಕಿನಿಂದ ಲಾಭವೇ ಆಗಲಿಲ್ಲ ಎಂದಲ್ಲ. ಪ್ಯಾಡ್ ಎಷ್ಟು ಉಳಿದಿದೆ ಎಂದು ಚಕ್ರದ ಸಂದಿಯಿಂದಲೇ ಕಾಣುತ್ತದೆ, ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಡ್ರಮ್ಮಿನೊಳಗಿನ ಸ್ಪ್ರಿಂಗುಗಳ ಜೊತೆ ಇಕ್ಕಳ ಹಿಡಿದು ಕುಸ್ತಿ ಮಾಡಿದವರಿಗೆ ಇದು ಸಣ್ಣ ಸುಖವಲ್ಲ. ತೊರೆ ದಾಟಿದ ಮೇಲೆ ಬ್ರೇಕ್ ತಕ್ಷಣ ಹಿಡಿಯುತ್ತದೆ. ಆದರೆ ಹ್ಯಾಂಡ್ ಬ್ರೇಕ್ ಕೆಟ್ಟಿತು. ಎಕ್ಸ್‌ಪ್ಲೋರರಿನ ಬಿಲ್ಲೆಯ ನಡುವಿನ ಟೋಪಿಯೊಳಗೆ ಹ್ಯಾಂಡ್ ಬ್ರೇಕಿಗೆಂದೇ ಪುಟ್ಟ ಶೂಗಳಿವೆ. 10 ಅಂಗುಲದ ಡ್ರಮ್ ಹಿಡಿದಂತೆ ಅವು ಹಿಡಿಯುವುದಿಲ್ಲ. ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿದಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡು ಕೊಡುವುದು ಅಭ್ಯಾಸವಾಯಿತು. ಇನ್ನೊಂದು ತಮಾಷೆ: ಈಗಿನ ವಿದ್ಯುತ್ ಕಾರುಗಳಲ್ಲಿ ಫೋಕ್ಸ್‌ವ್ಯಾಗನ್ ಐಡಿ.4ನಂಥವು ಹಿಂದಕ್ಕೆ ಮತ್ತೆ ಡ್ರಮ್ಮನ್ನೇ ಹಾಕಿಕೊಂಡಿವೆ. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಹಿಡಿಯುವುದಿಲ್ಲ.

ಊರಿನ ಕಡೆಯ ಹುಡುಗರು ಬೊಲೆರೊಗೋ ಜೀಪಿಗೋ ಹಿಂದೆ ಡಿಸ್ಕ್ ಹಾಕಿಸಲೇ ಎಂದು ಆಗಾಗ ನನ್ನನ್ನು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಗಾಡಿಯಲ್ಲಿ ಕಂಪನಿ ಕೊಟ್ಟದ್ದನ್ನು ಬದಲಿಸುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಓ ಇದೆ, ವಿಮೆಯವರಿದ್ದಾರೆ, ಅವರನ್ನು ಕೇಳಿಕೊಳ್ಳಿ. ಅದಕ್ಕಿಂತ ಹೆಚ್ಚಾಗಿ, ಒತ್ತಡದ ಹದ ನೋಡುವ ವಾಲ್ವ್ ಹಾಕಿ, ಖಾಲಿ ಬಯಲಿನಲ್ಲಿ ಪರೀಕ್ಷೆ ಮಾಡಿ ಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ಸಿಗದಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ. ಅದೇ ದುಡ್ಡಿನಲ್ಲಿ ಹಿಂದಕ್ಕೆ ಹೊಸ ಶೂ, ಹೊಸ ವೀಲ್ ಸಿಲಿಂಡರ್ ಹಾಕಿಸಿ, ಶೂ ಡ್ರಮ್ಮಿಗೆ ಹತ್ತಿರ ಬರುವಂತೆ ಅಡ್ಜಸ್ಟ್ ಮಾಡಿಸಿ, ನಾಲ್ಕೂ ಚಕ್ರಕ್ಕೆ ಒಳ್ಳೆಯ ಟೈರು ಹಾಕಿಸಿ. ಮುಖ್ಯವಾಗಿ ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯಿಂದ ನೀರು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೀರು ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಘಾಟಿ ಇಳಿಯುವಾಗ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಡಿಸ್ಕಿದ್ದರೂ ಅಷ್ಟೇ, ಡ್ರಮ್ಮಿದ್ದರೂ ಅಷ್ಟೇ. ನಿಮ್ಮ ಗಾಡಿಗೆ ಬ್ರೇಕ್ ಆಯಿಲ್ ಕೊನೆಯ ಸಲ ಹಾಕಿಸಿದ್ದು ಯಾವಾಗ ಎಂದು ಸರ್ವಿಸ್ ಬಿಲ್ ತೆಗೆದು ಇವತ್ತೇ ನೋಡಿ. ಎರಡು ವರ್ಷ ದಾಟಿದ್ದರೆ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲು ಬದಲಾಯಿಸಿಬಿಡಿ.